ಇದ್ರೀಸಾಕನ ಉಪ್ಪು, ಮೇಬಲಳ ಪೆಟ್ಟಿಗೆ

ಕಾಪುವಿನ ಇದ್ರೀಸಾಕ ಯಾವ ಊರಿಗೆ ನಾಟಕದ ಲೈಟು ಕೊಂಡುಹೋದರೂ ಅಲ್ಲಿ ಮೊದಲು ಮಾಡುತ್ತಿದ್ದ ಕೆಲಸ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡುವುದು. ಬೆಳಕು ಏರಿಸಿ ಇಳಿಸುವ ಅವರ ಡಿಮ್ಮರ್‌ಗಳು ಉಪ್ಪುನೀರಿನವು. ಮೊಣಕಾಲೆತ್ತರದ ಪಿಂಗಾಣಿ ಕೊಳವೆಗಳಲ್ಲಿ ಉಪ್ಪು ಕದಡಿದ ನೀರು, ತಳದಲ್ಲೊಂದು ಲೋಹದ ತಟ್ಟೆ, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಟ್ಟೆ. ಹಗ್ಗ ಸಡಿಲಿಸಿದರೆ ತಟ್ಟೆಗಳು ಹತ್ತಿರವಾಗಿ ದೀಪ ಬೆಳಗುತ್ತದೆ, ಎಳೆದರೆ ದೂರವಾಗಿ ಮಂಕಾಗುತ್ತದೆ. ಉಪ್ಪು ಹೆಚ್ಚಾದರೆ ಬೆಳಕು ಒರಟು, ಕಡಿಮೆಯಾದರೆ ಮೇಲೇಳುವುದೇ ಇಲ್ಲ. ಕಾರ್ಕಳದ ಬಾವಿ ಸಿಹಿ, ಅಲ್ಲಿ ಕೈತುಂಬ ಉಪ್ಪು ಬೇಕು. ಮಟ್ಟು ಕಡಲಿಗೂ ಹೊಳೆಗೂ ನಡುವಿನ ಊರು, ನೀರಿಗೆ ಮೊದಲೇ ಉಪ್ಪು ತಗಲಿರುತ್ತದೆ, ಅಲ್ಲಿ ಸ್ವಲ್ಪ ಸಾಕು. ಎಷ್ಟು ಎಂಬುದನ್ನು ಇದ್ರೀಸಾಕನ ನಾಲಿಗೆ ಹೇಳುತ್ತಿತ್ತು.

“ಮನೆಯ ಉಪ್ಪೆಲ್ಲ ನಾಟಕಕ್ಕೆ. ನಮ್ಮ ಮೀನಿನ ಸಾರು ಸಪ್ಪೆ” ಎಂದು ಅವರ ಹೆಂಡತಿ ಸಾರಮ್ಮ ಸಿಕ್ಕವರೆಲ್ಲರ ಹತ್ತಿರ ದೂರುತ್ತಿದ್ದರು.

ನಾನು ರತ್ನಾವತಿ. ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಹಗಲಿಡೀ ಜನರ ನಂಬರು ಕೇಳಿ ಕೇಳಿ, ಸಂಖ್ಯೆ ಎಂದರೆ ಮೈ ಉರಿಯುವ ಹೆಂಗಸು. ಸಂಜೆಯಾದರೆ ನಾಟಕ. ಪ್ಯಾಟ್ರಿಕ್ ಮಾಸ್ಟ್ರು ನಿರ್ದೇಶಿಸುತ್ತಿದ್ದ ನಮ್ಮ ತಂಡದಲ್ಲಿ ದೊಡ್ಡ ಪಾತ್ರಗಳೆಲ್ಲ ನನಗೇ ಬರುತ್ತಿದ್ದವು. ನಾನು ಚೆನ್ನಾಗಿ ಮಾಡುತ್ತಿದ್ದೆ, ಅದು ಒಂದು ಕಾರಣ. ಕೊಡದಿದ್ದರೆ ಗಲಾಟೆ ಎಬ್ಬಿಸುತ್ತಿದ್ದೆ, ಅದು ಇನ್ನೊಂದು. ಆದರೆ ನನ್ನ ಹೆಸರಿನ ಅರ್ಧ ಪಾಲು ಇದ್ರೀಸಾಕನದ್ದು ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ರಂಗದ ಬದಿಯ ಪರದೆಯ ಹಿಂದೆ ಎರಡು ಕೈಗಳಲ್ಲಿ ಹಗ್ಗ ಹಿಡಿದು, ಮೂರನೆಯದನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕುಳಿತ ಆ ಮನುಷ್ಯನಿಗೆ, ನಾನು ಉಸಿರು ಎಳೆದುಕೊಂಡರೆ ತಿಳಿಯುತ್ತಿತ್ತು. ನಾನು ತಲೆ ತಗ್ಗಿಸಬೇಕು ಎಂದುಕೊಳ್ಳುವಾಗಲೇ ಕೆನ್ನೆಯ ಮೇಲಿನ ಬಿಸಿ ಕಡಿಮೆಯಾಗಲು ಶುರುವಾಗಿರುತ್ತಿತ್ತು. ಅಂಥ ಬೆಳಕಿನಲ್ಲಿ ನಿಂತರೆ ಕೆಟ್ಟ ನಟಿಯೂ ಒಳ್ಳೆಯವಳಾಗುತ್ತಾಳೆ. ನಾನಂತೂ ಮೊದಲೇ ಒಳ್ಳೆಯವಳು.

ಎಂಬತ್ತೈದರ ಮಳೆಗಾಲಕ್ಕೆ ಮುಂಚೆ ಕಾರ್ಕಳದ ಒಂದು ಸಭಾಭವನದಲ್ಲಿ ದೀಪ ಕಟ್ಟುವಾಗ ಏಣಿ ಜಾರಿ ಇದ್ರೀಸಾಕ ಬಿದ್ದರು. ಬಲ ಭುಜ ಮುರಿಯಿತು. ಮೂಳೆ ಕೂಡಿಕೊಂಡಿತಾದರೂ ಕೈ ಎದೆಗಿಂತ ಮೇಲೆ ಏಳಲಿಲ್ಲ. ಬೆರಳುಗಳೆಲ್ಲ ಸರಿಯಾಗಿದ್ದವು, ಅಂಗಿಯ ಗುಂಡಿ ಹಾಕುತ್ತಿದ್ದರು, ಬೀಡಿ ಹಚ್ಚುತ್ತಿದ್ದರು. ಹಗ್ಗ ಎಳೆಯುವ ಬಲ ಮಾತ್ರ ಹೋಯಿತು. ಬೇರೆಯವರ ಕೈಗೆ ಹಗ್ಗ ಕೊಟ್ಟು ಪಕ್ಕದಲ್ಲಿ ಕುಳಿತು ಹೇಳಿ ಮಾಡಿಸಲು ನೋಡಿದರು.

“ಆಗುವುದಿಲ್ಲ ರತ್ನಕ್ಕ. ನಾನು ‘ಈಗ’ ಅಂತ ಹೇಳುವಷ್ಟರಲ್ಲಿ ಆ ‘ಈಗ’ ಹೋಗಿ ಆಗಿರ್ತದೆ” ಎಂದರು.

ಸಾರಮ್ಮನ ತಮ್ಮ ಅಲಿ ಶಾರ್ಜಾದಲ್ಲಿ ಅಂಗಡಿ ಇಟ್ಟಿದ್ದ. ಬಾವ ಬಂದು ಗಲ್ಲಾದಲ್ಲಿ ಕೂತರೆ ಸಾಕು, ಕೈ ಎತ್ತುವ ಕೆಲಸವೇ ಇಲ್ಲ ಎಂದು ವೀಸಾಕ್ಕೆ ಏರ್ಪಾಡು ಮಾಡಿದ. ಒಳ್ಳೆಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಪ್ಯಾಟ್ರಿಕ್ ಮಾಸ್ಟ್ರು ಇನ್ನು ಮುಂದೆ ಮಂಗಳೂರಿನಿಂದ ಲೈಟಿನವರನ್ನು ಕರೆಸುವ ಮಾತು ತೆಗೆದರು. ನಾನು ಮಾಸ್ಟ್ರ ಮೇಲೆ ಕೂಗಾಡಿದೆ. ಕೂಗಾಡಿದರೆ ಭುಜ ಸರಿಯಾಗುತ್ತದೆಯೇ?

ಆಗ ಬಾಯಿ ತೆರೆದವಳು ಮೇಬಲ್. ಅಲೆವೂರಿನ ಹುಡುಗಿ, ಮಣಿಪಾಲದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ನಮ್ಮ ತಂಡದಲ್ಲಿ ಅವಳ ಕೆಲಸ ಪರದೆಯ ಹಿಂದೆ ನಿಂತು ಮರೆತವರಿಗೆ ಮಾತು ಹೇಳಿಕೊಡುವುದು. ಸ್ವಂತ ಮಾತು ಆಡಿದ್ದನ್ನು ನಾವು ಹೆಚ್ಚು ಕೇಳಿರಲಿಲ್ಲ.

“ಇದ್ರೀಸಾಕ, ನನಗೆ ಸ್ವಲ್ಪ ಸಮಯ ಕೊಡ್ತೀರಾ? ಹಗ್ಗ ಎಳೆಯದೆ ಬೆಳಕು ಇಳಿಸಲಿಕ್ಕೆ ಆಗ್ತದಾ ಅಂತ ನೋಡ್ತೇನೆ” ಎಂದಳು.

ಅವಳ ಅಣ್ಣ ಮೌರಿಸ್ ಬಹ್ರೈನಿನಿಂದ ತನ್ನ ಮಕ್ಕಳ ಆಟಕ್ಕೆಂದು ಒಂದು ಪುಟ್ಟ ಕಂಪ್ಯೂಟರ್ ತಂದಿದ್ದ. ಟಿ.ವಿ.ಗೆ ಜೋಡಿಸುವಂಥದ್ದು. ಪ್ರೋಗ್ರಾಮ್ ಎಂಬುದು ಹಾಡಿನ ಕ್ಯಾಸೆಟ್ಟಿನಲ್ಲಿ ಕೂತಿರುತ್ತಿತ್ತು. ಟೇಪ್ ರೆಕಾರ್ಡರ್ ಹಚ್ಚಿದರೆ ಎರಡು ಬೆಕ್ಕುಗಳು ಜಗಳಾಡಿದಂತೆ ಕಿರುಚಿ ಕಂಪ್ಯೂಟರಿನ ಒಳಗೆ ಹೋಗುತ್ತಿತ್ತು. ಮಕ್ಕಳು ಆಡಿ ಬೇಸತ್ತು ಬಿಟ್ಟಿದ್ದ ಅದನ್ನು ಮೇಬಲ್ ತನ್ನ ಕೋಣೆಗೆ ಎತ್ತಿಕೊಂಡು ಹೋದಳು. ಅದರ ಮಾತು ಕೇಳಿ ದೀಪಗಳಿಗೆ ಹೋಗುವ ಕರೆಂಟನ್ನು ತಗ್ಗಿಸುವ ಒಂದು ತಗಡಿನ ಪೆಟ್ಟಿಗೆಯನ್ನು ತಾನೇ ಬೆಸುಗೆ ಹಾಕಿ ಮಾಡಿದಳು. ಅದಕ್ಕೆ ನಾಲ್ಕು ದೀಪ ಜೋಡಿಸಬಹುದಿತ್ತು. ಸೊನ್ನೆ ಎಂದರೆ ಕತ್ತಲೆ, ನೂರು ಎಂದರೆ ಪೂರ್ತಿ ಬೆಳಕು. ಯಾವ ದೀಪ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ಹೊತ್ತಿನಲ್ಲಿ ಎಂದು ಬರೆದಿಟ್ಟರೆ ಆಯಿತು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ.

ಮೊದಲ ಸಲ ನೋಡಲು ನಾವೆಲ್ಲ ಅಲೆವೂರಿಗೆ ಹೋದೆವು. ಅವರ ಮನೆಯ ಚಾವಡಿಯಲ್ಲಿ ಕಿಟಕಿ ಮುಚ್ಚಿ ದೀಪ ಕಟ್ಟಿದ್ದಳು. ಒಂದು ಕೀ ಒತ್ತಿದಳು. ನನ್ನ ಮುಖದ ಮೇಲಿನ ಬೆಳಕು ಇಳಿಯಿತು. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ, ಒಂದು ನಡುಕವಿಲ್ಲ.

ಪ್ಯಾಟ್ರಿಕ್ ಮಾಸ್ಟ್ರು ಚಪ್ಪಾಳೆ ತಟ್ಟಿದರು. ಇದ್ರೀಸಾಕ ಆರಿದ ದೀಪವನ್ನೇ ನೋಡುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ.

“ಇದೆಂತ ಮೇಬಲ್, ಅಂಗಡಿಯ ಶಟರ್ ಎಳೆದ ಹಾಗೆ! ಕೊನೆಯ ದೃಶ್ಯದಲ್ಲಿ ನಾನು ದೀಪ ಆರಲಿಕ್ಕೆ ಬಿಡುವವಳು. ಎಪ್ಪತ್ತರಿಂದ ಸೊನ್ನೆಗೆ ಇಳಿಯುವವಳಲ್ಲ.”

ನಾವು ಆಗ ಮಾಡುತ್ತಿದ್ದ ನಾಟಕದಲ್ಲಿ ನನ್ನದು ಹೊಳೆ ದಾಟುವ ಕಡವಿನ ಹೆಂಗಸಿನ ಪಾತ್ರ. ಗಂಡ ದೋಣಿ ದಾಟಿಸುವವನು. ಅವನು ಬಾರದ ಮೇಲೂ ಹೊಳೆಯ ದಡದಲ್ಲಿ ದಿನಾ ದೀಪ ಇಡುವವಳು. ಕೊನೆಗೆ ಒಂದು ದಿನ ಎಣ್ಣೆ ಹೊಯ್ಯದೆ ಕುಳಿತುಬಿಡುತ್ತಾಳೆ. ಮಾತಿಲ್ಲ. ಬೆಳಕು ಅವಳ ಮುಖದಿಂದ ಕೈಗೆ, ಕೈಯಿಂದ ದೀಪಕ್ಕೆ ಹಿಂದೆ ಸರಿದು ಆರುತ್ತದೆ. ನಾಟಕ ನಿಲ್ಲುವುದೂ ಬೀಳುವುದೂ ಅಲ್ಲೇ.

ನನ್ನ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಕಲಿತವಳು, ವಾರಗಟ್ಟಲೆ ನಿದ್ದೆಗೆಟ್ಟು ಮಾಡಿದ್ದು. ಮೇಬಲ್ ನನ್ನನ್ನು ನೋಡಲೇ ಇಲ್ಲ, ಇದ್ರೀಸಾಕನ ಕಡೆ ತಿರುಗಿದಳು.

“ನಿಮಗೂ ಹಾಗೆಯೇ ಕಂಡಿತಲ್ಲ?”

“ತಪ್ಪಂತ ಅಲ್ಲ ಬಾಯಿ. ಆದರೆ ಅದು ನನ್ನ ಬೆಳಕಲ್ಲ” ಎಂದರು ಇದ್ರೀಸಾಕ, ಬಹಳ ಮೆಲ್ಲಗೆ. ಮೇಬಲಳನ್ನು ಅವರು ಗೌರವದಿಂದ ‘ಬಾಯಿ’ ಎಂದೇ ಕರೆಯುತ್ತಿದ್ದರು.

ಮುಂದಿನ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಅವಳು ನೇರವಾಗಿ ಕಾಪುವಿಗೆ ಹೋದಳಂತೆ. ಇದ್ರೀಸಾಕನ ಮನೆಯ ಅಂಗಳದಲ್ಲಿ ಒಂದೇ ಒಂದು ಉಪ್ಪುನೀರಿನ ಕೊಳವೆ ಹೂಡಿಸಿದಳು. ಎಡಗೈಯಿಂದ ಒಂದು ದೀಪವನ್ನು ಇಳಿಸಿ ತೋರಿಸಿ ಎಂದಳು. ಅವರು ಇಳಿಸಿದರು. ಇನ್ನೊಮ್ಮೆ ಎಂದಳು. ಸಾರಮ್ಮ ಚಹಾ ಕೊಟ್ಟರು, ಊಟ ಹಾಕಿದರು, ಮತ್ತೆ ಚಹಾ ಕೊಟ್ಟರು. ಮೇಬಲ್ ದೀಪವನ್ನು ನೋಡುತ್ತಲೇ ಇರಲಿಲ್ಲವಂತೆ, ಇದ್ರೀಸಾಕನ ಕೈಯನ್ನೇ ನೋಡುತ್ತಾ ಕೂತಿದ್ದಳಂತೆ. ಇದನ್ನು ನನಗೆ ಹೇಳಿದವರು ಸಾರಮ್ಮ. “ನನ್ನ ಮದುವೆಗೆ ಇವರನ್ನು ನೋಡಲಿಕ್ಕೆ ಬಂದವರು ಕೂಡ ಅಷ್ಟು ನೋಡಿರ್ಲಿಕ್ಕಿಲ್ಲ ಮಾರಾಯ್ತಿ” ಎಂದು ನಕ್ಕರು.

ಸಂಜೆ ಹೊರಡುವಾಗ ಮೇಬಲ್ ಕೇಳಿದಳಂತೆ: “ಮೊದಲು ನೀವು ಬಿಡುವುದೇ ಇಲ್ಲ. ಮತ್ತೆ ಬೇಗ ಇಳಿಸ್ತೀರಿ. ಕೊನೆಗೆ ಆರುವ ಮುಂಚೆ ಒಂದು ಚೂರು ಹಿಡಿದು ನಿಲ್ತೀರಿ. ಪ್ರತಿ ಸಲವೂ. ಅದು ಯಾಕೆ?”

ಇದ್ರೀಸಾಕ ಯೋಚಿಸಿ ಹೇಳಿದರಂತೆ: “ಯಾಕಂತ ಗೊತ್ತಿಲ್ಲ ಬಾಯಿ. ಆ ಕೊನೆಯ ಬೆಳಕನ್ನು ಬಿಟ್ಟುಕೊಡ್ಲಿಕ್ಕೆ ಮನಸ್ಸು ಬರುವುದಿಲ್ಲ.”

ಮನೆಗೆ ಬಂದವಳೇ ಮೇಬಲ್ ತಾನು ಬರೆದದ್ದನ್ನೆಲ್ಲ ಅಳಿಸಿ ಹಾಕಿದಳು. ತಿದ್ದಲಿಲ್ಲ, ಅಳಿಸಿದಳು. ಈ ಒಂದು ಕೆಲಸಕ್ಕಾಗಿ ನಾನು ಅವಳಿಗೆ ಈಗಲೂ ಕೈ ಮುಗಿಯುತ್ತೇನೆ. ನನ್ನ ಮಾತಿನ ಒಂದು ಸಾಲು ಕತ್ತರಿಸಿದರೆ ಮಾಸ್ಟ್ರ ಮೇಲೆ ಹರಿಹಾಯುವ ನಾನು ಅದನ್ನು ಮಾಡಲಾರೆ.

ಎರಡನೆಯ ಸಲ ಚಾವಡಿಯಲ್ಲಿ ಕಂಡದ್ದೇ ಬೇರೆ. ಮಕ್ಕಳು ವಿಮಾನ ಹೊಡೆದುರುಳಿಸುವ ಆಟಕ್ಕೆ ಬಳಸುವ ಜಾಯ್‌ಸ್ಟಿಕ್ ಎಂಬ ಗಿಡ್ಡ ಕೋಲನ್ನು ಅವಳು ಇದ್ರೀಸಾಕನ ಎಡಗೈಗೆ ಕೊಟ್ಟಳು.

“ಸಂಖ್ಯೆ ನಾನು ಬರೆಯುವುದಿಲ್ಲ ಇದ್ರೀಸಾಕ. ನಿಮ್ಮ ಕೈಯೇ ಬರೆಯಲಿ. ಇದನ್ನು ಹಿಂದೆ ಎಳೆದರೆ ಮಂಕು, ಮುಂದೆ ದೂಡಿದರೆ ಬೆಳಕು. ನಿಮ್ಮ ಹಗ್ಗವೇ ಅಂತ ತಿಳ್ಕೊಳ್ಳಿ. ನೀವು ಮಾಡಿದ್ದನ್ನು ಅದು ನೆನಪಿಟ್ಟುಕೊಳ್ತದೆ. ಒಂದು ದೀಪದ್ದು ಆದ ಮೇಲೆ ಇನ್ನೊಂದರದ್ದು ಮಾಡಿ.”

ಅವರು ಮುಖದ ದೀಪವನ್ನು ಇಳಿಸಿದರು. ಆಮೇಲೆ ಕೈಯ ಮೇಲಿನದ್ದು, ಆಮೇಲೆ ಹಿಂದಿನ ನೀಲಿ, ಕೊನೆಗೆ ಕಡವಿನ ದೀಪದ ಹಳದಿ. ಒಂದೊಂದಾಗಿ, ಒಂದೇ ಕೈಯಲ್ಲಿ. ಮೇಬಲ್ ಕೀ ಒತ್ತಿದಳು. ನಾಲ್ಕೂ ದೀಪಗಳು ಒಟ್ಟಿಗೆ ಹೊರಟವು. ಮೊದಲು ಹಟ ಹಿಡಿದು ನಿಂತು, ನಡುವೆ ಸರಸರ ಇಳಿದು, ಕೊನೆಗೆ ಬಿಟ್ಟುಕೊಡಲು ಮನಸ್ಸಿಲ್ಲದೆ ಒಂದು ಚೂರು ನಿಂತು ಆರಿದವು.

ಆ ಟಿ.ವಿ.ಯ ತುಂಬ ಉದುರುತ್ತಿದ್ದ ಸಂಖ್ಯೆಗಳ ಒಳಗೆ ನನಗೆ ಚೆನ್ನಾಗಿ ಗೊತ್ತಿದ್ದ ಒಬ್ಬ ಮನುಷ್ಯ ಕೂತಿದ್ದ.

“ನನಗೆ ನಾಲ್ಕು ಕೈ ಬಂತಲ್ಲ ಮಾರಾಯ್ರೆ” ಎಂದರು ಇದ್ರೀಸಾಕ.

ಇಷ್ಟಕ್ಕೆ ಮುಗಿಯಿತು ಎಂದು ತಿಳಿದಿರೋ? ನಾನಿದ್ದೇನಲ್ಲ. ಮರುವಾರದ ಅಭ್ಯಾಸದಲ್ಲಿ ಕೊನೆಯ ದೃಶ್ಯ ಮಾಡುತ್ತಾ, ಎಣ್ಣೆಯ ಗಿಂಡಿಗೆ ಕೈ ಚಾಚಿ ಸ್ವಲ್ಪ ಹೆಚ್ಚು ಹೊತ್ತು ತಡೆದೆ. ನಿಲ್ಲಬೇಕೆನಿಸಿತು, ನಿಂತೆ. ಬೆಳಕು ನನ್ನನ್ನು ಬಿಟ್ಟು ತನ್ನ ಪಾಡಿಗೆ ತಾನು ಇಳಿದು ಹೋಯಿತು. ನಾನು ಕತ್ತಲೆಯಲ್ಲಿ ಕೈ ಚಾಚಿಕೊಂಡು ಪೆದ್ದಿಯ ಹಾಗೆ ಕುಳಿತಿದ್ದೆ.

“ನಿನ್ನೆಯ ಇದ್ರೀಸಾಕನನ್ನು ತಂದು ಇವತ್ತಿನ ನನಗೆ ಕಟ್ಟಿದರೆ ಹೇಗೆ ಮೇಬಲ್? ಇವತ್ತಿನವರು ಬೇಕು!” ಎಂದು ಕಿರುಚಿದೆ.

ಮೇಬಲ್ ಆಗಲೂ ಸಿಟ್ಟಾಗಲಿಲ್ಲ. ಮುಂದಿನ ಸಲ ಬರುವಾಗ ಪ್ರೋಗ್ರಾಮಿನಲ್ಲಿ ಎರಡು ಹೊಸ ಸಂಗತಿ ಇದ್ದವು.

“ಈ ಉದ್ದದ ಕೀ ಒತ್ತಿ ಹಿಡಿದಷ್ಟು ಹೊತ್ತು ಬೆಳಕು ಮುಂದೆ ಹೋಗ್ತದೆ. ಬೆರಳು ಎತ್ತಿದರೆ ಇದ್ದಲ್ಲೇ ನಿಲ್ತದೆ. ರತ್ನಕ್ಕ ಎಷ್ಟು ಬೇಕಾದರೂ ನಿಲ್ಲಲಿ, ಅದು ಕಾಯ್ತದೆ” ಎಂದಳು. “ಮತ್ತೆ ಎಡಗೈಯ ಕೋಲು ಸತ್ತಿಲ್ಲ. ನಾಟಕ ಓಡುವಾಗಲೂ ಅದನ್ನು ಅಲ್ಲಾಡಿಸಿದರೆ ನಾಲ್ಕೂ ದೀಪ ಒಟ್ಟಿಗೆ ಏರ್ತದೆ, ಇಳಿತದೆ. ನೆನಪಿಟ್ಟುಕೊಂಡದ್ದು ಅದರದ್ದು, ಕೊನೆಯ ಮಾತು ನಿಮ್ಮದು.”

ಎಡಗೈ ಕೋಲಿನ ಮೇಲಾದರೆ ಕೀ ಒತ್ತುವ ಕೈ ಯಾವುದು? ನಾವು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಇದ್ರೀಸಾಕ ತಮ್ಮ ಎಡಗೈಯಿಂದ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದೆತ್ತಿ ಮೇಜಿನ ಮೇಲೆ, ಕೀಗಳ ಪಕ್ಕದಲ್ಲಿ ಇಟ್ಟುಕೊಂಡರು. ಹೆಬ್ಬೆರಳು ಸರಿಯಾಗಿ ಆ ಉದ್ದದ ಕೀಯ ಮೇಲೆ ಬಂತು. ಒತ್ತಿದರು. ಬೆಳಕು ಹೊರಟಿತು. ಬೆರಳು ಎತ್ತಿದರು. ನಿಂತಿತು. ಬಿದ್ದ ದಿನದಿಂದ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿದ್ದ ಕೈ ಅದು. ಅವರು ಹಾಗೆಯೇ ಒತ್ತುತ್ತಾ ಎತ್ತುತ್ತಾ ಬಹಳ ಹೊತ್ತು ಕುಳಿತರು.

ಮೊದಲ ಪ್ರದರ್ಶನ ಮಟ್ಟುವಿನಲ್ಲಿ, ಫೆಬ್ರವರಿಯಲ್ಲಿ, ಶಾಲೆಯ ಮೈದಾನದಲ್ಲಿ. ಅಷ್ಟು ಹೊತ್ತಿಗೆ ಇದ್ರೀಸಾಕನ ವೀಸಾ ಬಂದಾಗಿತ್ತು. “ಇದೊಂದು ನಾಟಕ ನೋಡ್ತೇನೆ. ಸರಿ ಬಂದರೆ ಇಲ್ಲೇ. ಬಾರದಿದ್ದರೆ ಶಾರ್ಜಾ” ಎಂದು ಅವರು ಸಾರಮ್ಮನಿಗೆ ಹೇಳಿದ್ದರು. ಅಲಿ ಉತ್ತರಕ್ಕೆ ಕಾಯುತ್ತಿದ್ದ. ಇದು ನಮಗೆಲ್ಲರಿಗೂ ತಿಳಿದಿತ್ತು, ತಿಳಿಯದವರ ಹಾಗೆ ನಟಿಸುತ್ತಿದ್ದೆವು. ಅದರಲ್ಲಿ ಮಾತ್ರ ತಂಡದವರೆಲ್ಲ ನನಗಿಂತ ಒಳ್ಳೆಯ ನಟರು.

ಪ್ರದರ್ಶನಕ್ಕೆ ಮುಂಚಿನ ಸಂಜೆಗಳಲ್ಲಿ ಅದೇ ರಂಗದ ಮೇಲೆ ಅಭ್ಯಾಸ ನಡೆಸಿದೆವು. ಸುತ್ತ ಗುಳ್ಳ ಎಂಬ ಬದನೆಯ ಗದ್ದೆಗಳು, ಕಾಯಿ ಬಿಡುವ ಕಾಲ. ನಾವು ಮಾತು ಒಪ್ಪಿಸುವಾಗ ಎಲ್ಲ ಕಡೆಯಿಂದ ನೀರಿನ ಪಂಪುಗಳ ಗುಂಯ್ ಎನ್ನುವ ಶಬ್ದ. ಮೊದಲ ದಿನ ಅದು ಕಿರಿಕಿರಿಯಾಯಿತು, ಆಮೇಲೆ ಕಿವಿಗೆ ಬೀಳುವುದೇ ನಿಂತಿತು. ಇದ್ರೀಸಾಕ ಕೋಲು ಹಿಡಿದು ದೃಶ್ಯದಿಂದ ದೃಶ್ಯಕ್ಕೆ ಬೆಳಕು ಕೂರಿಸಿದರು, ಮೇಬಲ್ ಅದನ್ನು ಕ್ಯಾಸೆಟ್ಟಿಗೆ ಇಳಿಸಿದಳು. ಕಂಪ್ಯೂಟರಿಗೆ ಕರೆಂಟು ಏರುಪೇರಾಗಬಾರದೆಂದು ಒಂದು ಸ್ಟೆಬಿಲೈಸರನ್ನೂ ಮನೆಯಿಂದ ಹೊತ್ತು ತಂದಿದ್ದಳು.

ಪ್ರದರ್ಶನದ ದಿನ ಇದ್ರೀಸಾಕ ಹಳೆಯ ರೂಢಿಯ ಮೇಲೆ ಉಪ್ಪಿನ ಡಬ್ಬಿಯನ್ನೂ ತಂದಿದ್ದರು. ಅದನ್ನು ಮೇಜಿನ ಕೆಳಗೆ ಇಟ್ಟು ತಾವೇ ನಕ್ಕರು. ಬಾವಿಯ ಹತ್ತಿರ ಹೋಗಲಿಲ್ಲ. ಬೆಳಕು ಕ್ಯಾಸೆಟ್ಟಿನಲ್ಲಿ ಭದ್ರವಾಗಿತ್ತು, ರುಚಿ ನೋಡುವುದಕ್ಕೆ ಏನಿದೆ?

ಜನ ಬಂದರು. ಎಲ್ಲಿಂದ ಬಂದರೋ, ಮೈದಾನ ತುಂಬಿ ಗದ್ದೆಯ ಬದುವಿನ ಮೇಲೂ ಕುಳಿತರು. ಮುಂದಿನ ಸಾಲಿನಲ್ಲಿ ಸಾರಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತಿದ್ದರು. ಗಂಡನ ಬೆಳಕನ್ನು ಅವರು ಎದುರಿನಿಂದ ನೋಡುತ್ತಿದ್ದದ್ದು ಅದೇ ಮೊದಲು.

ಮೊದಲ ದೃಶ್ಯ ರಾತ್ರಿ, ಹೊಳೆಯ ದಡ, ತೆಳು ಬೆಳದಿಂಗಳು. ಪರದೆ ಸರಿಯಿತು. ಬೆಳಕು ನನ್ನ ಕೆನ್ನೆಗೆ ಹೊಡೆಯಿತು. ಹೊಡೆಯಿತು ಎಂದೇ ಹೇಳಬೇಕು. ಕಣ್ಣು ಕಿರಿದಾಯಿತು. ನೀಲಿ ಬೆಳದಿಂಗಳು ಬಿಳಿಚಿಕೊಂಡು, ಹಿಂದಿನ ಹೊಳೆಯ ಪರದೆಯ ಮಡಿಕೆಗಳೂ ಹೊಲಿಗೆಗಳೂ ಎದ್ದು ಕಂಡವು. ನಾನು “ಎಂಥ ಕತ್ತಲೆ ಇದು, ಕೈ ಕಂಡರೆ ಕಾಲು ಕಾಣದು” ಎಂದೆ. ಅದು ನಾಟಕದ ಮಾತು.

“ಎಂತ ಕತ್ತಲೆ ಮಾರಾಯ್ತಿ, ಸೂಜಿ ಬಿದ್ದರೂ ಕಾಣ್ತದೆ!” ಎಂದ ಜನರ ನಡುವಿನಿಂದ ಒಬ್ಬ. ಮೈದಾನವಿಡೀ ನಕ್ಕಿತು.

ದೃಶ್ಯ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡು ಮಾಡಿದೆ. ಪರದೆ ಎಳೆದದ್ದೇ ತಡ, ಬದಿಗೆ ನುಗ್ಗಿ ಮೇಬಲಳ ಮೇಲೆ ಎಗರಿದೆ. ಏನೇನು ಹೇಳಿದೆನೋ ನನಗೆ ನೆನಪಿಲ್ಲ. ಹೇಳದೆ ಬಿಟ್ಟದ್ದು ಕಡಿಮೆ. ಅವಳ ಮುಖ ಸುಣ್ಣದ ಹಾಗಾಗಿತ್ತು. ಟಿ.ವಿ.ಯ ಮುಂದೆ ಬಗ್ಗಿ ಒಂದೊಂದೇ ಸಂಖ್ಯೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದಳು.

“ಎಲ್ಲ ಸರಿ ಉಂಟು ರತ್ನಕ್ಕ. ನಿನ್ನೆ ಇದ್ದದ್ದೇ ಇವತ್ತೂ ಉಂಟು. ಒಂದೂ ತಪ್ಪಿಲ್ಲ.”

ಪ್ಯಾಟ್ರಿಕ್ ಮಾಸ್ಟ್ರು ಬೆವರು ಒರೆಸುತ್ತಾ ಬಂದರು. “ಸಾಕು, ಈ ಪೆಟ್ಟಿಗೆ ಬಂದ್ ಮಾಡಿ. ಎಲ್ಲ ದೀಪ ಪೂರ್ತಿ ಹಾಕಿ ನಾಟಕ ಮುಗಿಸುವ. ಮರ್ಯಾದೆ ಆದ್ರೂ ಉಳಿಯಲಿ.”

ಹಾಗೆ ಮಾಡಿದ್ದರೆ ಇದ್ರೀಸಾಕ ಮರುದಿನ ಶಾರ್ಜಾಕ್ಕೆ ಪೆಟ್ಟಿಗೆ ಕಟ್ಟುತ್ತಿದ್ದರು. ಅವರು ಪರದೆಯ ಸಂದಿಯಿಂದ ಸಾರಮ್ಮನನ್ನು ಒಮ್ಮೆ ನೋಡಿದರು. ಆಮೇಲೆ ತಲೆ ಓರೆ ಮಾಡಿ ಏನನ್ನೋ ಆಲಿಸುವವರಂತೆ ನಿಂತರು.

“ಒಂದು ನಿಮಿಷ ಎಲ್ಲರೂ ಸುಮ್ಮನಿರಿ. ಎಂತ ಕೇಳ್ತದೆ?”

“ಎಂತದ್ದೂ ಕೇಳುವುದಿಲ್ಲ” ಎಂದೆ ನಾನು.

“ಅದೇ. ಪಂಪು ಎಲ್ಲಿ?”

ಆಗ ನಮಗೆ ತಿಳಿಯಿತು. ಗುಂಯ್ ಎನ್ನುವ ಶಬ್ದವೇ ಇರಲಿಲ್ಲ. ಗುಳ್ಳ ಬೆಳೆಯುವ ಊರಿಗೆ ಊರೇ ಪಂಪು ನಿಲ್ಲಿಸಿ ನಮ್ಮ ನಾಟಕಕ್ಕೆ ಬಂದು ಕುಳಿತಿತ್ತು. ಅಭ್ಯಾಸದ ದಿನಗಳಲ್ಲಿ ಪಂಪುಗಳು ಹೀರಿ ಬಿಟ್ಟ ಬಡಕಲು ವೋಲ್ಟೇಜಿಗೆ ನಾವು ಬೆಳಕು ಕೂರಿಸಿದ್ದೆವು. ಈಗ ದೀಪಗಳಿಗೆ ಕರೆಂಟು ಪೂರ್ತಿ ಬರುತ್ತಿತ್ತು. ಕಂಪ್ಯೂಟರು ಸ್ಟೆಬಿಲೈಸರಿನ ನೆರಳಲ್ಲಿ ತಣ್ಣಗೆ ಕೂತಿದ್ದರಿಂದ ಅದಕ್ಕೆ ಲೋಕ ಬದಲಾದದ್ದೇ ಗೊತ್ತಿರಲಿಲ್ಲ. ಉಪ್ಪುನೀರಿನ ಕಾಲದಲ್ಲಾಗಿದ್ದರೆ ಇದ್ರೀಸಾಕ ಆಟದ ದಿನವೇ ರುಚಿ ನೋಡಿ ದೀಪ ಹಚ್ಚಿ ಹದ ಮಾಡಿಕೊಳ್ಳುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಭದ್ರವಾಗಿದೆ ಎಂದು ಈ ಸಲ ಯಾರೂ ಹದ ನೋಡಿರಲಿಲ್ಲ, ಇದ್ರೀಸಾಕ ಕೋಲನ್ನೂ ಮುಟ್ಟಿರಲಿಲ್ಲ.

“ಕೋಲು ಉಂಟಲ್ಲ ಇದ್ರೀಸಾಕ” ಎಂದಳು ಮೇಬಲ್. “ನಾಲ್ಕನ್ನೂ ಒಟ್ಟಿಗೆ ಇಳಿಸ್ತದೆ. ಎಷ್ಟು ಅಂತ ನನಗೆ ಹೇಳ್ಲಿಕ್ಕೆ ಆಗುವುದಿಲ್ಲ. ಎಷ್ಟು ಅಂತ ನಿಮಗೇ ಗೊತ್ತು.”

ಇದ್ರೀಸಾಕ ಕುಳಿತರು. ಬಲಗೈಯನ್ನು ಎತ್ತಿ ಕೀಯ ಪಕ್ಕದಲ್ಲಿಟ್ಟರು. ಎಡಗೈಯಲ್ಲಿ ಕೋಲು ಹಿಡಿದರು. “ಹಾಗಾದರೆ ಆ ಟಿ.ವಿ.ಯನ್ನು ಆಚೆ ತಿರುಗಿಸಿ ಬಾಯಿ. ನನಗೆ ರತ್ನಕ್ಕನ ಮುಖ ಕಾಣಬೇಕು.”

ಅವಳು ರಟ್ಟೆ ಬೀಳುವಷ್ಟು ದುಡಿದದ್ದೆಲ್ಲ ಆ ಟಿ.ವಿ.ಯ ಮೇಲೆ ಇತ್ತು. ಒಂದು ಕ್ಷಣವೂ ತಡಮಾಡದೆ ಅದನ್ನು ಆಚೆಗೆ ಮುಖ ಮಾಡಿಸಿದಳು.

ಎರಡನೆಯ ದೃಶ್ಯಕ್ಕೆ ನಾನು ಹೊರಟೆ. ಬೆಳಕು ಬಂತು, ಮತ್ತೆ ಅದೇ ಒರಟು. ನಾನು ಮಾತು ಶುರು ಮಾಡುವಷ್ಟರಲ್ಲಿ ಅದು ಇಳಿಯತೊಡಗಿತು. ಇನ್ನೂ ಸ್ವಲ್ಪ. ಸ್ವಲ್ಪ ಹೆಚ್ಚಾಯಿತು, ಮತ್ತೆ ಏರಿತು. ಬಾವಿಯ ನೀರನ್ನು ನಾಲಿಗೆಯ ಮೇಲೆ ಆಡಿಸಿ ನೋಡುತ್ತಿದ್ದ ಇದ್ರೀಸಾಕ ನನಗೆ ಕಂಡಂತಾಯಿತು. ಆಮೇಲೆ ಅದು ನನ್ನ ಕೆನ್ನೆಯ ಮೇಲೆ ಬಂದು ಕುಳಿತುಕೊಂಡಿತು. ಮೈದಾನದ ಗುಸುಗುಸು ನಿಂತಿತು.

ಉಳಿದ ನಾಟಕ ಹೇಗೆ ಮುಗಿಯಿತೋ ತಿಳಿಯದು. ಕೊನೆಯ ದೃಶ್ಯ ಮಾತ್ರ ಇವತ್ತಿಗೂ ನನ್ನ ಮೈಯಲ್ಲಿದೆ. ದೀಪದ ಮುಂದೆ ಕುಳಿತೆ. ಎಣ್ಣೆಯ ಗಿಂಡಿಗೆ ಕೈ ಚಾಚಿದೆ. ಹಿಂದೆಗೆಯಬೇಕಿತ್ತು. ಹಿಂದೆಗೆಯಲಿಲ್ಲ. ನಿಂತೆ. ಚಾಚಿದ ಕೈ ಅಭ್ಯಾಸದಲ್ಲಿ ಎಂದೂ ನಿಲ್ಲದಷ್ಟು ಹೊತ್ತು ನಿಂತಿತು. ಬದಿಯಲ್ಲಿ ಮಾಸ್ಟ್ರು ಚಡಪಡಿಸುತ್ತಿದ್ದದ್ದು ಕಾಣಿಸಿತು. ಇದ್ರೀಸಾಕನ ಮೇಲಿದ್ದಷ್ಟು ಭರವಸೆ ನನಗೆ ಬೇರೆ ಯಾರ ಮೇಲೂ ಇರಲಿಲ್ಲ. ಬೆಳಕು ಕಾದಿತು. ಆ ಹೆಬ್ಬೆರಳು ಕೀಯ ಮೇಲಿಂದ ಎದ್ದು ಗಾಳಿಯಲ್ಲಿ ನಿಂತಿದೆ ಎಂದು ನನಗೆ ನೋಡದೆಯೇ ಗೊತ್ತಿತ್ತು. ನನಗಾಗಿ ಯಾರೂ ಅಷ್ಟು ಕಾದದ್ದಿಲ್ಲ. ಕೊನೆಗೆ ನಾನು ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಎಳೆದುಕೊಳ್ಳುವುದಕ್ಕೂ ಮುಖದ ಬಿಸಿ ಕಡಿಮೆಯಾಗುವುದಕ್ಕೂ ಸರಿಹೋಯಿತು. ಮುಖ, ಕೈ, ದೀಪ. ಕೊನೆಯಲ್ಲಿ ಒಂದು ಚೂರು ಹಿಡಿದು ನಿಂತು, ಆರಿತು.

ಕತ್ತಲೆಯಲ್ಲಿ ಎಷ್ಟೋ ಹೊತ್ತಿನ ಮೇಲೆ ಚಪ್ಪಾಳೆ ಬಂತು. ನಾನು ಅಳುತ್ತಿದ್ದೆ, ಪಾತ್ರಕ್ಕಾಗಿ ಅಲ್ಲ.

ಜನ ಚದುರುವಾಗ ಮಟ್ಟುವಿನ ಒಬ್ಬ ಅಜ್ಜ ಬುಟ್ಟಿ ತುಂಬ ಗುಳ್ಳ ಹೊತ್ತುಕೊಂಡು ರಂಗದ ಹಿಂದೆ ಬಂದ.

“ಲೈಟಿನವರು ಯಾರು? ನಿಮ್ಮ ನಾಟಕಕ್ಕೆ ಕರೆಂಟು ಸರಿ ಸಿಗಲಿ ಅಂತ ನಾವೆಲ್ಲ ಮಾತಾಡಿಕೊಂಡು ಪಂಪು ಬಂದ್ ಮಾಡಿದ್ದೇವೆ. ಬೆಳಕು ಹೇಗಿತ್ತು?”

ಪ್ಯಾಟ್ರಿಕ್ ಮಾಸ್ಟ್ರು ಬಾಯಿ ತೆರೆದರು. ನಾನು ಅವರ ಕಾಲು ಮೆಟ್ಟಿದೆ.

“ಬಹಳ ಒಳ್ಳೆಯದಿತ್ತು ಅಜ್ಜ. ಮೊದಲಿಗೆ ಸ್ವಲ್ಪ ಜಾಸ್ತಿಯೇ ಇತ್ತು” ಎಂದರು ಇದ್ರೀಸಾಕ. ಎಂದವರೇ ನಗಲು ಶುರು ಮಾಡಿದರು. ಏಣಿಯಿಂದ ಬಿದ್ದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಜ್ಜನೂ ಜೊತೆಗೆ ನಕ್ಕ, ಯಾಕೆಂದು ಅವನಿಗೆ ತಿಳಿದಿರಲಿಲ್ಲ.

ಮೇಬಲ್ ತಂತಿ ಸುತ್ತುತ್ತಾ ಕುಳಿತಿದ್ದಳು. “ನನ್ನದು ತಪ್ಪಾಯಿತು ಇದ್ರೀಸಾಕ. ಇನ್ನು ಮುಂದೆ ಪ್ರೋಗ್ರಾಮು ಶುರುವಾಗುವ ಮುಂಚೆ ‘ರುಚಿ ನೋಡಿದಿರಾ?’ ಅಂತ ನಿಮ್ಮನ್ನು ಕೇಳ್ತದೆ. ನೀವು ದೀಪ ಹಚ್ಚಿ ನೋಡಿ ಕೀ ಒತ್ತುವವರೆಗೆ ಮುಂದೆ ಹೋಗುವುದಿಲ್ಲ. ಹಾಗೆ ಬರೀತೇನೆ” ಎಂದಳು. ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ಬೈದದ್ದಕ್ಕೆಲ್ಲ ಅದೇ ನನ್ನ ಲೆಕ್ಕ ಚುಕ್ತಾ.

ಸಾರಮ್ಮ ಬಂದು ಗಂಡನ ಪಕ್ಕದಲ್ಲಿ ನಿಂತರು. ಅವರ ಕಣ್ಣೂ ಕೆಂಪಾಗಿತ್ತು. ಮೇಜಿನ ಮೇಲೆ ಇನ್ನೂ ಹಾಗೆಯೇ ಇದ್ದ ಗಂಡನ ಬಲಗೈಯನ್ನು ನೋಡಿದರು.

“ನಾಳೆ ಅಲಿ ಫೋನು ಮಾಡ್ತಾನೆ. ಅವನಿಗೆ ಎಂತ ಹೇಳುವುದು?” ಎಂದು ಕೇಳಿದರು.

ಇದ್ರೀಸಾಕ ಮೇಬಲಳ ಕಡೆ ತಿರುಗಿದರು.

“ಮುಂದಿನ ನಾಟಕಕ್ಕೆ ನಾಲ್ಕು ದೀಪ ಸಾಲುವುದಿಲ್ಲ ಬಾಯಿ. ಆರು ಬೇಕು. ಆಗ್ತದಾ?”

“ಆಗ್ತದೆ” ಎಂದಳು ಮೇಬಲ್.

ಸಾರಮ್ಮ ಇಬ್ಬರನ್ನೂ ನೋಡಿದರು. ಆಮೇಲೆ ಬಗ್ಗಿ ಮೇಜಿನ ಕೆಳಗಿನ ಉಪ್ಪಿನ ಡಬ್ಬಿಯನ್ನು ಎಳೆದು ಸೊಂಟಕ್ಕೆ ಇಟ್ಟುಕೊಂಡರು.

“ಹಾಗಾದರೆ ಇದು ಇನ್ನು ನನ್ನ ಅಡುಗೆಮನೆಗೆ” ಎಂದು ಹೇಳಿ, ಗುಳ್ಳದ ಬುಟ್ಟಿಯನ್ನು ಎತ್ತಿಕೊಳ್ಳುವಂತೆ ನನಗೆ ಕಣ್ಸನ್ನೆ ಮಾಡಿದರು.